ಗಿರಿಜಾಳ ಬೆರಳು, ನನ್ನ ಶುಗರ್

ಗಿರಿಜಾ, ದವಾಖಾನೆಗೆ ನನ್ನ ಹೆಸರಿನಲ್ಲಿ ಹೋಗುತ್ತಿದ್ದ ಶುಗರ್ ನನ್ನದಲ್ಲ — ನಿನ್ನದು. ನಿನ್ನ ಬೆರಳು ಚುಚ್ಚಿ, ಬಂದ ಅಂಕಿಯನ್ನು ನನ್ನದೆಂದು ಕಳಿಸಿದವನು ನಾನು.

ನನಗೆ ಶುಗರ್ ಬಂದಾಗ ರೋಣದ ದವಾಖಾನೆಯ ಸಿಸ್ಟರ್ ನನ್ನ ಮೊಬೈಲಿಗೆ ಆ್ಯಪ್ ಹಾಕಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಷಿನ್ ನೋಡಿ ಅಂಕಿ ಕಳಿಸಲು ಹೇಳಿದ್ದರು. ಹೆಚ್ಚಾದರೆ ಅಲ್ಲಿಂದಲೇ ಫೋನು, ಬೈಗುಳ. ಆದರೆ ಗಜೇಂದ್ರಗಡದಲ್ಲಿ ನಮ್ಮದು ಜವಳಿ ಅಂಗಡಿ. ಮದುವೆ ಜವಳಿ ಒಯ್ದವರು ಬುಂದೇ ಉಂಡಿ ತಂದುಕೊಡದೆ ಬಿಡುವವರಲ್ಲ, ನಾನು ತಿನ್ನದೆ ಬಿಡುವವನಲ್ಲ! ನೀನೋ — ಲಿಂಗಪೂಜೆ ಆಗುವವರೆಗೆ ಬಾಯಿಗೆ ಹನಿ ನೀರೂ ಹಾಕುವವಳಲ್ಲ. ಅಷ್ಟು ಖಾಲಿ ಹೊಟ್ಟೆ ನನಗೆ ಬೇರೆಲ್ಲಿ ಸಿಗಬೇಕು? "ಗಂಡಾ ಹೆಂಡ್ತಿ ಇಬ್ಬರದೂ ನೋಡಬೇಕಂತ, ಬೆರಳ ಕೊಡು" ಅಂದೆ. ನೀನು ಕೊಟ್ಟೆ.

"ಭಾಳ ಚಲೋ ಐತ್ರಿ ಕಾಕಾ" ಎಂದು ಸಿಸ್ಟರ್ ಹೊಗಳಿದಾಗ ಮೀಸೆ ತಿರುವಿದೆ, ನಾಚಿಕೆಗೇಡಿ. ತಿಂಗಳುಗಳು ಕಳೆದಂತೆ ಅಂಕಿ ಏರತೊಡಗಿತು. ಮಷಿನ್ ಕೆಟ್ಟಿದೆ ಅಂದುಕೊಂಡೆ. ನೀನು ಸೊರಗುತ್ತಿದ್ದೆ, ಮತ್ತೆ ಮತ್ತೆ ನೀರು ಕುಡಿಯುತ್ತಿದ್ದೆ — ನಾನು ಮಷಿನ್ ನೋಡಿದೆನೇ ಹೊರತು ನಿನ್ನ ಮುಖ ನೋಡಲಿಲ್ಲ. ಕಡೆಗೆ ಸಿಸ್ಟರ್ ಫೋನಿನಲ್ಲಿ, "ಗುಳಿಗಿ ಹೆಚ್ಚ ಮಾಡಬೇಕ್ರಿ, ಲಗೂ ಬರ್ರಿ" ಎಂದಾಗ ಹೊಳೆಯಿತು — ಏರಿದ ಶುಗರ್ ನಿನ್ನದು! ನಿನ್ನನ್ನು ಕರೆದುಕೊಂಡು ಓಡಿದೆ. ಅಲ್ಲಾದರೂ ನಿಜ ಹೇಳಬೇಕಿತ್ತು… "ತಪ್ಪಿ ನಮ್ಮಾಕಿದು ಹೋಗೇತ್ರಿ" ಅಂದುಬಿಟ್ಟೆ.

ನಿನಗೆ ಔಷಧ ಹತ್ತಿತು. ಅಂದಿನಿಂದ ನನ್ನ ಬೆರಳನ್ನೇ ಚುಚ್ಚಿಕೊಂಡು ನಿಜವಾದ ಅಂಕಿ ಕಳಿಸಿ ಬೈಸಿಕೊಳ್ಳುತ್ತಿದ್ದೇನೆ. ಈಗ ನಿನ್ನ ಕೆನ್ನೆ ತುಂಬಿವೆ; ಬೆಳಿಗ್ಗೆ ಗುಡ್ಡದ ಕಡೆ ನಡೆಯುವಾಗ ನನ್ನನ್ನು ಹಿಂದೆ ಹಾಕಿ, ತಿರುಗಿ ನಿಂತು ನಗುತ್ತೀ. ಅದನ್ನು ನೋಡಿ ನನಗಾಗುವ ಸಂತೋಷ ಇಷ್ಟಿಷ್ಟಲ್ಲ.

ಆದರೆ ನಿನ್ನೆ ಅಬ್ಬಿಗೇರಿಯಲ್ಲಿ, ನಿನ್ನ ಅಕ್ಕನ ಮನೆಯಲ್ಲಿ, ಎಲ್ಲರೆದುರು ಕಣ್ಣೊರೆಸಿಕೊಂಡು ಹೇಳಿದೆಯಲ್ಲ — "ನಮ್ಮ ಮನಿಯವ್ರು ತಮ್ದು ಬಿಟ್ಟು ದಿನಾ ನನ್ನ ಬೆರಳ ನೋಡ್ತಿದ್ರು. ಅದಕ್ಕ ನಾ ಉಳದೆ." ಹೆಂಗಸರೆಲ್ಲ ನನ್ನನ್ನು ದೇವರಂತೆ ನೋಡಿದರು. ನಾನು ತಲೆ ತಗ್ಗಿಸಿ ಚಹಾ ಕುಡಿದೆ.

ಇವತ್ತು ಎದ್ದವನೇ ಸಿಸ್ಟರ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದೇ ಮಾತು ಕೇಳಿದರು — "ಕಾಕೂಗ ಹೇಳೀರೇನ್ರಿ?"

ಒಳಗೆ ನಿನ್ನ ಪೂಜೆ ನಡೆದಿದೆ. ಮುಗಿಸಿ ಬಾ. ಈ ಪತ್ರವನ್ನು ನಿನ್ನ ಕೈಗೆ ಕೊಟ್ಟು ಎದುರಿಗೇ ಕೂತಿರುತ್ತೇನೆ, ಅಂಗಡಿಗೆ ಓಡುವುದಿಲ್ಲ. ನೀನು ನಕ್ಕುಬಿಡುವವಳು ಅಂತ ಗೊತ್ತು. ಆದರೆ ಮೊದಲು ಬೈ, ಗಿರಿಜಾ.