ಮೇಸ್ತ್ರಿ ಟೋಪಿ ತೆಗೆದ ಗಳಿಗೆ

ನನ್ನ ಸೊಸೆ ಬಟ್ಟೆ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಮಾಡಿದ್ದು ಒಂದೇ ಕೆಲಸ. ಕೆಳಗೆ ದೀಪವಿರುವ ಗಾಜಿನ ಮೇಜಿನ ಮೇಲೆ ಬಟ್ಟೆ ಸರಿಯುತ್ತಿರುತ್ತದೆ. ಎಳೆ ತಪ್ಪಿದ್ದು ಕಂಡರೆ ಕಾಲಿನಲ್ಲಿ ಪೆಡಲ್ ಒತ್ತಿ ನಿಲ್ಲಿಸಬೇಕು, ಗೇಣು ಗೇಣಾಗಿ ಸರಿಸಿ ನೋಡಬೇಕು. ಆ ಚಾಳಿ ಮನೆಗೂ ಬಂತು. ನಾನು ತೊಳೆದಿಟ್ಟ ತಟ್ಟೆಯನ್ನು ಬೆಳಕಿಗೆ ಹಿಡಿದು, "ಅತ್ತೆ, ಇದು ರಿಜೆಕ್ಟು" ಎಂದು ನನ್ನ ಕೈಗೇ ವಾಪಸು ಕೊಡುವಳು.

ಗಿರಣಿ ಮುಚ್ಚಿತು. ಅವಳು ಫೋಟೋ ಸ್ಟುಡಿಯೋದಲ್ಲಿ ಫ್ರೇಮು ಹಾಕುವ, ಗಾಜು ಒರೆಸುವ ಕೆಲಸಕ್ಕೆ ಸೇರಿದಳು. ಮಾಲೀಕ ಡ್ರೋನ್ ತಂದಾಗ, ನಲವತ್ತಾರರ ಈ ಹೆಂಗಸು ಕಲಿಸಿಕೊಡಿ ಎಂದು ಅವನ ಬೆನ್ನು ಬಿದ್ದಳು. ಒಂದು ತಿಂಗಳು ಖಾಲಿ ಮೈದಾನದಲ್ಲಿ ಹಾರಿಸಿ ಕಲಿತಳು.

ಅಷ್ಟರಲ್ಲಿ ಗಿರಣಿ ಕೆಡವುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಹಳೆಯ ಕೆಲಸಗಾರರೆಲ್ಲ ಅಂಗಳದಲ್ಲಿ ಸೇರಿ, ಗಿರಣಿಯ ಜೊತೆ ಮೇಲಿನಿಂದ ಒಂದು ಫೋಟೋ ತೆಗೆಸಿಕೊಳ್ಳೋಣವೆಂದರು. ತೆಗೆಯುವವಳು ನಮ್ಮವಳೇ. ಈಗಿಲ್ಲದ ನನ್ನ ಯಜಮಾನರು ಅಲ್ಲೇ ಹತ್ತಿ ಹೊತ್ತವರು, ಅವರ ಜಾಗದಲ್ಲಿ ಎಲ್ಲರೂ ನನ್ನನ್ನು ನಿಲ್ಲಿಸಿದರು. ಡ್ರೋನ್ ನಮ್ಮೆದುರು ಮೇಲಕ್ಕೇರಿದಾಗ ಎಲ್ಲರೂ ಕಂಬದಂತೆ ಸೆಟೆದಿದ್ದೆವು. ಆಗ ಗಿರಣಿಯ ಸಿಡುಕು ಮೇಸ್ತ್ರಿ, ಮೂವತ್ತು ವರ್ಷದಲ್ಲಿ ಒಬ್ಬರಿಗೂ ತಲೆ ತೋರಿಸದ ಮನುಷ್ಯ, ಮೈಮರೆತು ಟೋಪಿ ತೆಗೆದು ಮಕ್ಕಳ ಹಾಗೆ ಮೇಲಕ್ಕೆ ಬೀಸಿಬಿಟ್ಟ. ಬೋಳುತಲೆ ಬಿಸಿಲಿಗೆ ಥಳಥಳ! ಅಂಗಳವೇ ನಕ್ಕಿತು. ಸೊಸೆಯಂತೂ ಹೊಟ್ಟೆ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಊಟದ ಡಬ್ಬಿ ಮರೆತು ಹೋಗಿದ್ದಳು. ಕೊಡಲು ಹೋದರೆ ಸ್ಟುಡಿಯೋದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾಳೆ. ಫೋಟೋ ಎಂದುಕೊಂಡು ಅವಳು ಒತ್ತಿದ್ದೆಲ್ಲ ವಿಡಿಯೋ ಆಗಿತ್ತು. ಇನ್ನೊಮ್ಮೆ ತೆಗೆಯೋಣವೆಂದರೆ ಗಿರಣಿಯ ಗೋಡೆ ಆಗಲೇ ನೆಲಕ್ಕೆ ಬಿದ್ದಿತ್ತು.

"ಗೋಡೆಗೆ ವಿಡಿಯೋ ನೇತುಹಾಕ್ತಾರಾ ತಾಯಿ?" ಎಂದ ಮಾಲೀಕ. "ಮಧ್ಯಾಹ್ನ ಮೇಸ್ತ್ರಿ ಫೋಟೋ ತಗೊಳ್ಳೋಕೆ ಬರ್ತಾರೆ. ಅಷ್ಟರೊಳಗೆ ಫೋಟೋ ಇಲ್ಲ ಅಂದ್ರೆ ಇನ್ಮೇಲೆ ಡ್ರೋನ್ ಮುಟ್ಟಬೇಡ. ಫ್ರೇಮು, ಗಾಜು, ಅಷ್ಟೇ."

ಅವಳು ವಿಡಿಯೋವನ್ನು ಮೊಬೈಲಿಗೆ ಕಳಿಸಿಕೊಂಡು, ನಿಲ್ಲಿಸಿ, ಪರದೆಯ ಚಿತ್ರ ಹಿಡಿದಳು. ಮುಖಗಳೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿದ್ದವು.

"ಇದರಲ್ಲಿ ನಾನೆಲ್ಲೇ?"

"ಆ ಬಿಳಿ ಚುಕ್ಕೆ, ಅತ್ತೆ."

"ಚುಕ್ಕೆ ಆಗೋಕಾ ನಾನು ಇಸ್ತ್ರಿ ಬಟ್ಟೆ ಹಾಕ್ಕೊಂಡು ಬಂದಿದ್ದು?"

ಅವಳು ನಗಲಿಲ್ಲ. ಮೊಬೈಲಿಗೆ ಬರುವಾಗಲೇ ವಿಡಿಯೋ ಕುಗ್ಗಿದೆ ಎಂದು ಹೊಳೆದು, ಡ್ರೋನಿನ ಕಾರ್ಡನ್ನೇ ಕಂಪ್ಯೂಟರಿಗೆ ಹಾಕಿದಳು. ಬಾಣದ ಗುರುತಿನ ಕೀಲಿ ಒತ್ತಿದರೆ ವಿಡಿಯೋ ಒಂದೊಂದೇ ಚಿತ್ರವಾಗಿ ಸರಿಯಿತು. ಸೆಕೆಂಡಿಗೆ ಮೂವತ್ತು ಚಿತ್ರವಂತೆ.

"ಅತ್ತೆ! ಇದು ನಮ್ಮ ಗಾಜಿನ ಮೇಜೇ!" ಎಂದಳು. ನೋಡುತ್ತೇನೆ, ಮೇಜಿನಡಿ ಅವಳ ಬಲಗಾಲು ಪೆಡಲ್ ಹುಡುಕುತ್ತಿದೆ.

ಆದರೆ ಡ್ರೋನ್ ಏರುವ ಕಡೆ ಮಸುಕು, ತಿರುಗುವ ಕಡೆ ಇನ್ನೂ ಮಸುಕು. "ನಿಂತ ಜಾಗ ಬೇಕು ಅತ್ತೆ. ನಾನು ಎಲ್ಲೂ ನಿಲ್ಲಿಸ್ಲೇ ಇಲ್ವಲ್ಲ."

"ನಿಲ್ಲಿಸಿದ್ದೆ ಕಣೇ. ಮೇಸ್ತ್ರಿ ಟೋಪಿ ತೆಗೆದಾಗ ಹೊಟ್ಟೆ ಹಿಡ್ಕೊಂಡೆಯಲ್ಲ, ಆಗ ಅದನ್ನ ಹಾರಿಸಿದ್ದು ಯಾರು?"

ಅವಳು ಕೂಡಲೇ ಕಂಪ್ಯೂಟರಿನತ್ತ ತಿರುಗಿದಳು. ಕೈ ಬಿಟ್ಟರೆ ಡ್ರೋನ್ ಇದ್ದಲ್ಲೇ ನಿಲ್ಲುತ್ತದೆ. ಹುಡುಕಿದಳು. ಸಿಕ್ಕಿತು. ಗಾಳಿಯಲ್ಲಿ ಮೊಳೆ ಹೊಡೆದಂತೆ ಎರಡು ಸೆಕೆಂಡು ನಿಂತಿತ್ತು. ಅರವತ್ತು ಚಿತ್ರ, ಎಲ್ಲವೂ ಸ್ವಚ್ಛ. ಒಂದರಲ್ಲಿ ನೂಲು ಸುತ್ತುವವಳು ಕಣ್ಣು ಮುಚ್ಚಿದ್ದಳು. ರಿಜೆಕ್ಟು. ಇನ್ನೊಂದರಲ್ಲಿ ಕಾವಲುಗಾರ ಸೀನುತ್ತಿದ್ದ. ರಿಜೆಕ್ಟು. ನಲವತ್ತೊಂದನೆಯದಕ್ಕೆ ಅವಳ ಬೆರಳು ನಿಂತಿತು. ನೂರಾರು ಮುಖ ಮೇಲಕ್ಕೆತ್ತಿ ನಗುತ್ತಿವೆ, ಹಿಂದೆ ಗಿರಣಿಯ ಒಂದೊಂದು ಕಿಟಕಿಯೂ ಕಾಣುತ್ತಿದೆ.

"ಪಾಸು!" ಎಂದು ಮೇಜು ಗುದ್ದಿದಳು.

ಮಧ್ಯಾಹ್ನ, ಎರಡಡಿ ಅಗಲಕ್ಕೆ ಅಚ್ಚಾದ ಆ ಫೋಟೋವನ್ನು ಮೇಸ್ತ್ರಿ ಸಿಡುಕಿನಿಂದಲೇ ಎತ್ತಿಕೊಂಡ. "ಮೂವತ್ತು ವರ್ಷ ಮುಚ್ಚಿಟ್ಟ ಮರ್ಯಾದೇನ ಗೋಡೆಗೇರಿಸಿದೆಯಲ್ಲೇ!" ಅವನು ಕಣ್ಣು ಹತ್ತಿರ ತಂದು ಒಂದೊಂದು ಮುಖದ ಮೇಲೂ ಬೆರಳಾಡಿಸಿದ. "ನಾನಿದ್ದ ಕಡೆ ಇವರು ನಕ್ಕಿದ್ದು ಇದೇ ಮೊದಲು. ನನಗೆ ಇದಕ್ಕಿಂತ ದೊಡ್ಡದು ಮಾಡ್ಕೊಡು."

ಮಾಲೀಕ ಒಳಗೆ ಹೋಗಿ ಡ್ರೋನಿನ ಪೆಟ್ಟಿಗೆ ತಂದು ಸೊಸೆಯ ಮುಂದಿಟ್ಟ. "ನಾಳೆ ಶಾಲೆಯವರದು ಇದೆ. ನೀನೇ ಹೋಗು ತಾಯಿ. ಫೋಟೋ ಬಟನ್ ಎಲ್ಲಿದೆ ಅಂತ ನೋಡ್ಕೊಂಡಿರು."

"ನೋಡ್ಕೊಂಡಿದೀನಿ ಸಾರ್. ಆದ್ರೂ ವಿಡಿಯೋ ಮಾಡೇ ಮಾಡ್ತೀನಿ."

ಊಟದ ಡಬ್ಬಿ ತೆರೆದೇ ಇರಲಿಲ್ಲ. ಸಂಜೆ ಅದನ್ನು ನನ್ನ ಕೈಗೆ ಕೊಟ್ಟು, ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಅಕ್ಕಪಕ್ಕದವರೆಲ್ಲ ನೋಡುವ ಹಾಗೆ ಅವಳು ರಸ್ತೆಯ ನಡುವೆಯೇ ನಡೆದಳು.