ಸೂತಕದ ಮನೆಯಲ್ಲಿ ಹರಳೆಣ್ಣೆ

ಇಂಥದ್ದನ್ನೆಲ್ಲ ಬೇರೆಯವರು ಹೇಳಿದಾಗ ನಾನು ನಕ್ಕವಳೇ. ಹಾಗೆ ನಗುವುದನ್ನು ಕಲಿಸಿದ್ದೂ ನನ್ನ ಅಜ್ಜಿಯೇ. ಊರಲ್ಲಿ ಯಾರದೋ ಮೈಮೇಲೆ ಸತ್ತವರು ಬಂದರಂತೆ ಅಂದರೆ, "ಬದ್ಕಿದ್ದಾಗ ಒಂದಿನ ಕೂತು ಮಾತಾಡ್ನಿಲ್ಲ, ಈಗ ಬಂದ್ಬುಟ್ರಾ?" ಎನ್ನುತ್ತಿದ್ದಳು. ಆದ್ದರಿಂದ ಇದನ್ನು ನೀವು ನಂಬಲೇಬೇಕು ಎಂದು ನಾನು ಹೇಳುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನಾನು ಕೂಸಾಗಿದ್ದಾಗಲೇ ಅವ್ವ ತೀರಿಕೊಂಡಳು. ಪೂರಿಗಾಲಿಯಲ್ಲಿ ನನ್ನನ್ನು ಸಾಕಿದವಳು ಅಜ್ಜಿ. ಕೆಲವು ವರ್ಷಗಳ ಹಿಂದೆ, ಗೆಜ್ಜಲಗೆರೆಯಲ್ಲಿ ಕಾರ್ಖಾನೆಯ ಶಿಫ್ಟು ಮುಗಿಸಿ ಹೊರಬರುತ್ತಿದ್ದಾಗ, ಅಜ್ಜಿ ಹೋದಳೆಂದು ಚಿಕ್ಕಪ್ಪನ ಫೋನು ಬಂತು. ಮದ್ದೂರಿಗೆ ಹೋಗಿ, ಮಳವಳ್ಳಿ ಬಸ್ಸು ಹಿಡಿದು, ಅಲ್ಲಿಂದ ಊರು ಸೇರುವಷ್ಟರಲ್ಲಿ ಅಜ್ಜಿಯನ್ನು ಜಗುಲಿಯಲ್ಲಿ ಕೂರಿಸಿ ಹೂ ಹಾಕಿದ್ದರು. ಹೊಲದಲ್ಲೇ ಮಣ್ಣು ಮಾಡಿದರು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಅನ್ನ ಸೇರಲಿಲ್ಲ, ರಾತ್ರಿ ಕಣ್ಣು ಮುಚ್ಚಲಿಲ್ಲ. "ಒಂದ್ಸಲ ಅತ್ಬುಡು ಕಣವ್ವ," ಎಂದು ಚಿಕ್ಕವ್ವ ಮತ್ತೆ ಮತ್ತೆ ಹೇಳುತ್ತಿದ್ದಳು.

ಹಾಲು-ತುಪ್ಪದ ದಿನ ಅಜ್ಜಿಯನ್ನು ಹೂತ ಗುಡ್ಡೆಗೆ ಹಾಲು ಬಿಡಲು ಎಲ್ಲರೂ ಹೊಲಕ್ಕೆ ಹೊರಟರು. ನನಗೆ ಜ್ವರ. ಅಜ್ಜಿ ಮಲಗಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪವನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ. ನಾನೇ ಉಳಿದೆ. ನಾಯಿ ನುಗ್ಗೀತೆಂದು ಒಳಗಿನಿಂದ ಚಿಲಕ ಹಾಕಿ, ಕಂಬಕ್ಕೆ ಒರಗಿ ಕೂತೆ. ಮಟಮಟ ಮಧ್ಯಾಹ್ನ.

ಜೊಂಪು ಹತ್ತಿತ್ತೋ ಇಲ್ಲವೋ ತಿಳಿಯದು. ನೆತ್ತಿಯ ಮೇಲೆ ಒಂದು ಕೈ ಬಂತು. ಮೆಲ್ಲಗೆ ತಟ್ಟಿ, ಎಣ್ಣೆ ಇಂಗಿಸಿ, ಬೆರಳುಗಳು ಕಿವಿಯ ಹಿಂದಕ್ಕೆ ಇಳಿದವು. ಒಂದು ಬೆರಳು ಮಾತ್ರ ಮಡಚದೆ ಕಡ್ಡಿಯ ಹಾಗೆ ನಿಂತಿತ್ತು. ಕಬ್ಬಿನ ಗಾಡಿಗೆ ಸಿಕ್ಕಿ ಸೆಟೆದುಹೋದ ಅಜ್ಜಿಯ ಬೆರಳು ಹಾಗೇ ಇತ್ತು. ನನಗೆ ಭಯವಾಗಲಿಲ್ಲ. ಕಣ್ಣು ಬಿಟ್ಟರೆ ಕೈ ಹೋಗಿಬಿಡುತ್ತದೆ ಅನ್ನಿಸಿತು. ಬಿಡಲಿಲ್ಲ.

ಬಾಗಿಲು ಬಡಿದ ಸದ್ದಿಗೆ ಎದ್ದೆ. ಚಿಲಕ ಹಾಕಿದಂತೆಯೇ ಇತ್ತು, ತೆಗೆದೆ. ಒಳಗೆ ಬಂದ ಚಿಕ್ಕವ್ವ ನನ್ನನ್ನು ನೋಡಿ ಕೂಗಿಕೊಂಡಳು. "ಅಯ್ಯೋ, ಸೂತ್ಕದಲ್ಲಿ ತಲೆಗೆ ಎಣ್ಣೆ ಒತ್ಕಂಡಿದ್ದೀಯಲ್ಲೇ! ಯಾರೇಳುದ್ರು ನಿಂಗೆ?"

ಮುಟ್ಟಿ ನೋಡಿಕೊಂಡೆ. ನೆತ್ತಿ ತೊಯ್ದಿತ್ತು, ಎಣ್ಣೆ ಹಣೆಗೂ ಇಳಿದಿತ್ತು.

"ದೀಪಕ್ಕೆ ಆಕುವಾಗ ತಾಕಿರ್ತದೆ, ಬುಡು," ಎಂದರು ಚಿಕ್ಕಪ್ಪ.

ದೀಪಕ್ಕೆ ಹಾಕಿದ್ದು ಎಳ್ಳೆಣ್ಣೆ. ಚಿಕ್ಕವ್ವ ಬಗ್ಗಿ ನನ್ನ ತಲೆ ಮೂಸಿದಳು. ಅವಳ ಮುಖ ಬಿಳಿಚಿಕೊಂಡಿತು. ಅದು ಹರಳೆಣ್ಣೆ, ಅಜ್ಜಿ ತಾನೇ ಕುದಿಸಿ ಇಳಿಸುತ್ತಿದ್ದದ್ದು. ಉಳಿದಿದ್ದ ಒಂದೇ ಬಾಟ್ಲಿಯನ್ನು ಮಣ್ಣು ಮಾಡುವಾಗ ಎಲೆ-ಅಡಕೆ ಚೀಲದ ಜೊತೆ ಅಜ್ಜಿಯ ಗುಂಡಿಯಲ್ಲಿ ಇಟ್ಟವಳು ಚಿಕ್ಕವ್ವನೇ.

ಅವಳು ಮತ್ತೆ ಬೈಯಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ, ಬಿಸಿನೀರು ಹುಯ್ದು ಸೀಗೆಪುಡಿ ಉಜ್ಜಿದಳು. ಎಣ್ಣೆ ನೀರಿನೊಂದಿಗೆ ಹರಿದುಹೋಗುವುದನ್ನು ಕಂಡು, "ತೊಳೀಬ್ಯಾಡ ಚಿಕ್ಕವ್ವ, ಇರ್ಲಿ," ಎಂದು ನಾನು ಗೋಳೋ ಎಂದು ಅತ್ತುಬಿಟ್ಟೆ.

"ತೊಳೀಲೇಬೇಕು ಕಣವ್ವ," ಎಂದಳು ಅವಳೂ ಅಳುತ್ತಾ. "ಕಳ್ಸ್ಕೊಟ್ಬುಡು ನಮ್ಮತ್ತೇನ."

ಜ್ವರದ ಕನಸು ಎಂದುಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಕನಸಿಗೆ ಎಣ್ಣೆ ಎಲ್ಲಿಂದ ಬರಬೇಕು? ಮಂಡ್ಯದ ಅಂಗಡಿಗಳಿಂದ ಹರಳೆಣ್ಣೆ ತಂದು ಮೂಸಿ ನೋಡಿದ್ದೇನೆ, ಯಾವುದಕ್ಕೂ ಆ ವಾಸನೆ ಇಲ್ಲ. ಚಿಕ್ಕವ್ವನೂ ನಾನೂ ಆ ಮಾತು ಮತ್ತೆ ಎತ್ತಿಲ್ಲ. ಊರಿಗೆ ಹೋದಾಗ ಆ ಕಂಬಕ್ಕೆ ಮಾತ್ರ ನಾನು ಒರಗಿ ಕೂರುವುದಿಲ್ಲ. ಕೈ ಬಂದೀತೆಂಬ ಭಯವೋ, ಬಾರದೆ ಹೋದೀತೆಂಬ ಭಯವೋ, ನನಗೇ ತಿಳಿಯದು.