ಮೂವತ್ತನೆಯ ದಿನದ ನಕ್ಷೆ

ಹೊಸಮನಿಯವರು ತಾವು ಮಾಡಿದ ಪ್ರತಿ ನಕ್ಷೆಯ ಕೆಳಗೆ ತಮ್ಮ ತಪ್ಪನ್ನು ಬರೆದು, ಅದರ ಕೆಳಗೆ ಸಹಿ ಹಾಕುತ್ತಿದ್ದರು. ಹೊಲದ ಒಂದು ಬಾಂದುಕಲ್ಲಿನಿಂದ ಹೊರಟು ಸುತ್ತಲೂ ಅಳೆಯುತ್ತ ಮತ್ತೆ ಅದೇ ಕಲ್ಲಿಗೆ ಬಂದರೆ ಅಳತೆ ಪೂರ್ತಿ ಕೂಡುವುದೇ ಇಲ್ಲ. ಎರಡಿಂಚೋ ಮೂರಿಂಚೋ ವ್ಯತ್ಯಾಸ ಉಳಿಯುತ್ತದೆ. ಬೇರೆ ಮೋಜಣಿದಾರರು ಅದನ್ನು ನಾಲ್ಕೂ ದಿಕ್ಕಿಗೆ ಹಂಚಿ ಕೈ ತೊಳೆದುಕೊಳ್ಳುತ್ತಾರೆ. ಇವರು ‘ಫರಕು: ಮೂರು ಇಂಚು’ ಎಂದು ಸ್ಪಷ್ಟವಾಗಿ ಬರೆಯುತ್ತಿದ್ದರು. ಗಿರಾಕಿಗಳಿಗೆ ಇದು ಹಿಡಿಸುತ್ತಿರಲಿಲ್ಲ. ದುಡ್ಡು ಕೊಟ್ಟು ತಪ್ಪನ್ನು ಮನೆಗೆ ಒಯ್ಯಲು ಯಾರಿಗೆ ತಾನೇ ಮನಸ್ಸು?

“ಡಾಕ್ಟರ್ ಚೀಟಿ ಮ್ಯಾಲ ರೋಗದ ಹೆಸರು ಬರಿಯೂದಿಲ್ರಿ? ಹಂಗ ಇದು,” ಎನ್ನುತ್ತಿದ್ದರು.

ಅವರು ವಿಜಯಪುರದ ಕಡೆಯವರು. ನಾನು ಕರಾವಳಿಯವನು, ನಮ್ಮ ವಂಶದಲ್ಲಿ ದೋಸೆ ಹುಯ್ಯುವ ಕುಲಧರ್ಮವನ್ನು ತೊರೆದು ಗೆರೆ ಎಳೆಯಲು ಹೋದ ಪ್ರಥಮ ಪುರುಷ. ಪುಣೆ ಕ್ಯಾಂಪಿನಲ್ಲಿ ಒಂದು ಕೊಡೆ ಅಂಗಡಿಯ ಮೇಲೆ ನಮ್ಮಿಬ್ಬರ ಪಾಲುದಾರಿಕೆಯ ಕಚೇರಿ: ಎರಡು ಮೇಜು, ಒಂದು ಕಪಾಟು, ಏರಿದವರೆಲ್ಲ ಒಮ್ಮೆ ಎಡವುವ ಒಂದು ಮರದ ಏಣಿ. ಹೊಲ ತಿರುಗಿ ಅಳೆಯುವುದು ಅವರು, ನಕ್ಷೆ ಬರೆಯುವುದು ನಾನು, ಸಹಿ ಅವರದು.

ನಕ್ಷೆ ಮುಗಿದ ಮೇಲೆ ಪಾರಾಯಣವಿರುತ್ತಿತ್ತು. ಹೊಸಮನಿಯವರು ಹೊಲದಲ್ಲಿ ಬರೆದುಕೊಂಡ ಪುಸ್ತಕವನ್ನು ಹಿಡಿದು ಒಂದೊಂದೇ ಅಳತೆ ಓದುವರು. ನಾನು ಅದನ್ನು ನಕ್ಷೆಯಲ್ಲಿ ಅಳೆದು ನೋಡಿ “ಹೂಂ” ಎನ್ನಬೇಕು. ನಲವತ್ತು ಅಳತೆಗೆ ನಲವತ್ತು ಹೂಂ. ಮುಗಿಯುವವರೆಗೆ ಚಹಾ ನಿಷಿದ್ಧ.

ಹೀಗಿರಲು ನಮ್ಮ ಹಳೆಯ ಕಂಪ್ಯೂಟರು ಒಂದು ಮಧ್ಯಾಹ್ನ ಹೊಗೆಯಾಡಿ ನಿಂತಿತು. ಅದರೊಂದಿಗೆ, ಯಾರೋ ಪುಣ್ಯಾತ್ಮರು ಎಂದೋ ತುಂಬಿಕೊಟ್ಟಿದ್ದ ನಕ್ಷೆಯ ಸಾಫ್ಟ್‌ವೇರೂ ಹೋಯಿತು. ಅದರ ಕುಲಗೋತ್ರವನ್ನು ನಾವು ಎಂದೂ ವಿಚಾರಿಸಿರಲಿಲ್ಲ. ಹೊಸದರ ಬೆಲೆ ಕೇಳಿದರೆ, ಕೊಳ್ಳುವಂತಿಲ್ಲ, ವರ್ಷವರ್ಷವೂ ಕಟ್ಟುತ್ತಿರಬೇಕು ಎಂದರು.

“ನನ್ನ ಪೆನ್ಸಿಲ್ಲಿಗೆ ನಾ ಬಾಡಿಗಿ ಕೊಡಬೇಕಂತ,” ಎಂದು ಹೊಸಮನಿಯವರು ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಆಮೇಲೆ ಅವರಿಗೆ ತಿಳಿದುಬಂದದ್ದು, ಯಾವ ಕಂಪನಿಯದೇ ಆದರೂ ಮೊದಲ ಮೂವತ್ತು ದಿನ ಪುಕ್ಕಟೆ ಎಂದು.

“ಹೆಣ್ಣು ನೋಡಾಕ ಹೋದವ್ರಿಗೆ ಉಪ್ಪಿಟ್ಟು ಪುಕ್ಕಟ ಅಲ್ರಿ ಶೆಟ್ರ? ಅವಸರ ಯಾಕ? ನಾಕು ಮನಿ ನೋಡೂಣು.”

“ನೋಡಿದ ಮೇಲೆ ಒಂದಾದರೂ ಒಪ್ಪಬೇಕು ಮಾರಾಯ್ರೆ.”

“ಒಪ್ಪೂಣು. ಉಪ್ಪಿಟ್ಟರ ಮುಗೀಲಿ.”

ಹೀಗೆ ನಮ್ಮ ಕಚೇರಿ ತಿಂಗಳಿಗೊಂದು ಮನೆಯ ಉಪ್ಪಿಟ್ಟು ತಿನ್ನತೊಡಗಿತು. ಕೆಲಸವೇನೂ ನಿಲ್ಲಲಿಲ್ಲ, ಬಂದ ನಕ್ಷೆಗಳೆಲ್ಲ ಪುಕ್ಕಟೆ ದಿನಗಳಲ್ಲೇ ಮುಗಿದವು. ಪರೀಕ್ಷೆಯೂ ಸುಳ್ಳಲ್ಲ. ಮೊದಲ ಕಂಪನಿಯ ಏಜೆಂಟ್, ಬೆಂಗಳೂರಿನವನು, ಬಂದಾಗ, ಹೊಸಮನಿಯವರು ಮೂರಿಂಚು ಫರಕಿದ್ದ ಒಂದು ಹೊಲದ ಅಳತೆಗಳನ್ನು ಅವನ ಕೈಯಿಂದಲೇ ತುಂಬಿಸಿದರು. ಹೊಲ ಪರದೆಯ ಮೇಲೆ ಫರಕಿಲ್ಲದೆ ಅಚ್ಚುಕಟ್ಟಾಗಿ ಕೂಡಿಕೊಂಡಿತು.

“ಮೂರಿಂಚು ಎಲ್ಲಿ ಹೋತು?”

“ಸರ್, ಅದು ಆಟೋಮ್ಯಾಟಿಕ್ ಆಗಿ ಅಡ್ಜಸ್ಟ್ ಮಾಡ್ಕೊಳ್ಳತ್ತೆ ಸರ್.”

“ನನ್ನ ಕೇಳಲಾರದ?”

“ಕೇಳಲ್ಲ ಸರ್. ಅದೇ ಇದರ ಫೀಚರ್ರು.”

“ಹಂಗಾರ ಸಹೀನೂ ಅದಕ್ಕ ಮಾಡಾಕ ಹೇಳ್ರಿ,” ಎಂದು ಏಣಿಯವರೆಗೂ ಹೋಗಿ ಬೀಳ್ಕೊಟ್ಟರು.

ಎರಡನೆಯದೂ ಹಾಗೇ ಹೋಯಿತು. ಮೂರನೆಯದು ಎಲ್ಲಕ್ಕಿಂತ ಅಗ್ಗ. ಒಮ್ಮೆ ಕೊಟ್ಟರೆ ಆಯಿತು, ಬಾಡಿಗೆ ಇಲ್ಲ. ಅದು ಮೂರಿಂಚನ್ನು ಬಾಯಿಬಿಟ್ಟು ತೋರಿಸಿತು. “ಇದು ಖರೆ ಹೇಳ್ತದ,” ಎಂದು ಹೊಸಮನಿಯವರು ಖುಷಿಪಟ್ಟರು. ಆದರೂ ದುಡ್ಡು ಬಿಚ್ಚಲಿಲ್ಲ, ನಾಲ್ಕನೆಯ ಮನೆ ನೋಡುವುದು ಬಾಕಿಯಿತ್ತು.

ಮೂವತ್ತನೆಯ ದಿನ ನಾಲ್ಕು ನಕ್ಷೆ ಬಾಕಿಯಿದ್ದವು. ಸಂಜೆಯಾದರೆ ಪ್ರಿಂಟ್ ನಿಂತುಹೋಗುತ್ತದೆ. ಕೊನೆಯದು ಪುಣೆ ಜಿಲ್ಲೆಯ ಶಿರೂರಿನ ಆಚೆಯ ಒಂದು ಹೊಲ, ಇಬ್ಬರು ಅಣ್ಣತಮ್ಮಂದಿರ ಪಾಲಿನದು. ಪಾಲಿನ ಗೆರೆಯ ಕೊನೆಗೆ ಹೊಸಮನಿಯವರು ಒಂದು ಗೂಟ ನೆಟ್ಟು ಬಂದಿದ್ದರು. ಗೂಟದಿಂದ ಎರಡು ಅಡಿ ಪಕ್ಕದಲ್ಲಿ, ಅಣ್ಣನ ಕಡೆಗೆ, ನೀರಿನ ಪೈಪಿನ ವಾಲ್ವ್. ನಕ್ಷೆಯಲ್ಲಿ ಎರಡಕ್ಕೂ ಒಂದೊಂದು ಚುಕ್ಕೆ. ಆ ಸಾಫ್ಟ್‌ವೇರಿನಲ್ಲಿ ಗೆರೆಯ ತುದಿಯನ್ನು ಚುಕ್ಕೆಯ ಸಮೀಪ ಒಯ್ದರೆ ಸಾಕು, ತಾನೇ ಹೋಗಿ ಕಚ್ಚಿಕೊಳ್ಳುತ್ತಿತ್ತು. ನನ್ನ ಗೆರೆ ಗೂಟದ ಬದಲು ವಾಲ್ವನ್ನು ಕಚ್ಚಿತು.

“ಲಗೂ ಮಾಡ್ರಿ ಶೆಟ್ರ, ಪುಕ್ಕಟ ಅಂಗಡಿ ಮುಚ್ಚತದ,” ಎಂದು ಹೊಸಮನಿಯವರು ಓದತೊಡಗಿದರು. ನಾನು ಹೂಂ, ಹೂಂ ಎಂದೆ. ಒಂದನ್ನೂ ಅಳೆಯಲಿಲ್ಲ. ಅವರು ಸಹಿ ಹಾಕಿದರು.

ಮುಂದೆ ನೇಗಿಲು ಹೊಡೆದಾಗ ಗೂಟ ಕಿತ್ತುಹೋಯಿತು. ತಮ್ಮನಾದವನು ಗೋಡೆ ಕಟ್ಟಿಸಲು ಹೊರಟು, ನಕ್ಷೆ ನೋಡಿ ಪಾಯ ತೋಡಿಸಿದ. ಎರಡಡಿ ತನ್ನ ಕಡೆ ಬಂದಿದೆಯೆಂದು ಅಣ್ಣ ಆ ತಗ್ಗಿನಲ್ಲಿ ಇಳಿದು ನಿಂತ. ಮಾತಿಗೆ ಮಾತು ಬೆಳೆಯಿತು. ತಮ್ಮನ ಕೈಯಲ್ಲಿ ಹಾರೆಯಿತ್ತು. ಅಣ್ಣ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ತಮ್ಮ ಜೈಲಿಗೆ ಹೋದ. ಮೈದುನನಿಂದ ದುಡ್ಡು ತಿಂದು ಮೋಜಣಿದಾರ ಗೆರೆ ಸರಿಸಿದ ಎಂದು ಅಣ್ಣನ ಹೆಂಡತಿ ಹೇಳಿದಳು. ಊರು ನಂಬಿತು. ನಂಬದಿರಲು ಕಾರಣವಾದರೂ ಏನಿತ್ತು?

ಪೊಲೀಸರು ಬಂದ ದಿನ ಹೊಸಮನಿಯವರು ಅಳತೆಯ ಪುಸ್ತಕವನ್ನು ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರು. ಐದು ನಿಮಿಷ ಸಾಕಾಯಿತು. ನನ್ನ ಕಡೆ ತಿರುಗಲಿಲ್ಲ. “ನಕ್ಷೆ ನಂದು, ಸಹೀ ನಂದು, ತಪ್ಪೂ ನಂದು,” ಎಂದು ಮರಾಠಿಯಲ್ಲಿ ಹೇಳಿ, ಬರೆದುಕೊಳ್ಳುವವರೆಗೂ ಕಾದರು. ನಾನು ಪಕ್ಕದ ಮೇಜಿನಲ್ಲಿ ಕುಳಿತಿದ್ದೆ. ಸುಮ್ಮನೆ ಕುಳಿತುಕೊಳ್ಳುವುದರಲ್ಲಿ ನನಗೆ ಅಷ್ಟು ನೈಪುಣ್ಯವಿದೆಯೆಂದು ಅಂದೇ ಗೊತ್ತಾದದ್ದು.

ಮರುದಿನ ಅವರು ಅದೇ ಸಾಫ್ಟ್‌ವೇರಿಗೆ ಪೂರ್ತಿ ದುಡ್ಡು ಕಟ್ಟಿದರು. “ಅದರದೇನು ತಪ್ಪದ?” ಎಂದರು. ಮತ್ತೆ ಯಾವ ನಕ್ಷೆಗೂ ಸಹಿ ಹಾಕಲಿಲ್ಲ. ಮಗಳ ಮನೆಗೆ, ದೌಂಡಿಗೆ ಹೋಗಿಬಿಟ್ಟರು, ಅಳಿಯ ರೈಲ್ವೆಯಲ್ಲಿದ್ದ.

ಒಂದು ವರ್ಷ ಧೈರ್ಯ ಕೂಡಿಸಿಕೊಂಡು ನಾನು ದೌಂಡಿಗೆ ಹೋದೆ. ಹೊಸಮನಿಯವರು ಕ್ವಾರ್ಟರ್ಸಿನ ಜಗಲಿಯಲ್ಲಿ ಶೇಂಗಾ ಸುಲಿಯುತ್ತಿದ್ದರು. ತೀರ ಸೊರಗಿದ್ದರು. ಆ ದಿನ ನಾನು ಒಂದನ್ನೂ ಅಳೆದಿರಲಿಲ್ಲ ಎಂದು ಹೇಳಿದೆ.

“ಗೊತ್ತದ,” ಎಂದರು. “ನೀವು ಹೂಂ ಅಂದದ್ದು ಭಾಳ ಲಗೂ ಇತ್ತು. ನಾ ಅಲ್ಲೇ ನಿಲ್ಲಿಸಬೇಕಿತ್ತು. ಪುಕ್ಕಟದ್ದು ಮುಗೀತದಂತ ನನಗೂ ಅವಸರ.”

“ನಾನು ಪೊಲೀಸರಿಗೆ ಹೇಳಬಹುದಿತ್ತು.”

“ಪೊಲೀಸರದು ಬಿಡ್ರಿ. ನನಗ ಹೇಳಿ ಏನು ಮಾಡ್ತೀರಿ? ಆ ಹೆಣ್ಮಗಳು ಅಲ್ಲೇ ಅದಾಳ. ಮೈದುನ ರೊಕ್ಕ ಕೊಟ್ಟು ಗೆರಿ ಸರಿಸಿ ಗಂಡನ್ನ ಕೊಂದ ಅಂತ ದಿನಾ ಹೇಳಿಕೋತ ಕೂತಾಳ. ಅವ ಕೊಟ್ಟಿಲ್ಲ, ನಾ ತಿಂದಿಲ್ಲ. ನಾ ಒಮ್ಮೆ ಹೋಗಿದ್ದೆ, ಬಾಗಿಲಾ ತಗೀಲಿಲ್ಲ. ನೀವು ಹೋಗಿ ಹೇಳ್ರಿ.”

“ಹೋಗ್ತೇನೆ,” ಎಂದೆ. ಅವರು ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದರು. ಅದೇ ಕೊನೆಯ ಭೇಟಿ.

ಶಿರೂರಿಗೆ ಬಸ್ಸುಗಳಿಗೇನೂ ಬರವಿಲ್ಲ. ಕಾರ್ಯಭಾರ ಎಂಬ ಗಂಭೀರ ಶಬ್ದವೊಂದು ನನ್ನ ಹತ್ತಿರ ಸದಾ ಸಿದ್ಧವಾಗಿತ್ತು. ಎಂಟು ತಿಂಗಳು ಕಳೆದವು. ಕಳೆದ ವಾರ ಅವರ ಮಗಳು ಫೋನು ಮಾಡಿ, ಅಪ್ಪ ಹೋಗಿ ಹದಿಮೂರು ದಿನವಾಯಿತು ಎಂದಳು. ಆಮೇಲೆ, “ಕಾಕಾ, ಶಿರೂರಿಗೆ ಹೋಗಿದ್ರೇನು?” ಎಂದು ಕೇಳಿದಳು.

ಇಲ್ಲ ಎಂದೆ.

“ಅಪ್ಪ ಕಡೀ ಎರಡು ದಿನ ಅದನ್ನ ಕೇಳಿದ್ರು. ಅವರ ಸಂಕಟ ನೋಡಲಾರದ, ಶೆಟ್ಟಿ ಕಾಕಾ ಹೋಗಿ ಬಂದಾರ ಅಂತ ನಾನ ಹೇಳಿಬಿಟ್ಟೆ.”

“ಏನಂದರು?”

“‘ಆ ಹೆಣ್ಮಗಳು ಏನಂದಳು’ ಅಂತ ಕೇಳಿದ್ರು, ಕಾಕಾ. ನನಗೇನೂ ಹೊಳೀಲಿಲ್ಲ.”